ಹೊನ್ನಕಟ್ಟೆಯವರು ಡೋಜರಿಗೆ ಉಡಿ ತುಂಬಿದ್ದು

ಹೊನ್ನಕಟ್ಟೆ, ಉಚ್ಚಂಗಿದುರ್ಗದ ಹತ್ತಿರ
14 ನವೆಂಬರ್ 1978

ಮಗಳು ನಜಮುನ್ನೀಸಾಳಿಗೆ ಅಬ್ಬಾನ ದುವಾ.

ಬಕ್ರೀದಿಗೂ ಮನೆಗೆ ಬರಲಿಲ್ಲ ಎಂದು ನಿನ್ನ ಅಮ್ಮ ಮುಖ ಊದಿಸಿಕೊಂಡಿರುತ್ತಾಳೆ. ಮೊದಲು ಈ ಕಾಗದ ಆಕೆಗೆ ಪೂರ್ತಿ ಓದಿ ಹೇಳು. ಆಮೇಲೂ ಬೈಯಬೇಕು ಅನಿಸಿದರೆ ಬೈಯಲಿ.

ಎರಡು ದಿನದ ಕೆಲಸ ಎಂದುಕೊಂಡು ಬಂದವನು ನಾನು. ಖಾಲಿ ಟ್ರೇಲರ್ ತರುವುದು, ಇಲ್ಲಿ ನಿಂತಿರುವ ಡೋಜರನ್ನು ಹೇರಿಕೊಳ್ಳುವುದು, ಹಡಗಲಿ ಕಾಲುವೆ ಕೆಲಸಕ್ಕೆ ಒಯ್ದು ಇಳಿಸುವುದು, ಅಷ್ಟೇ. ಡೋಜರ್ ಎಂದರೆ ಅದೇ ಹಳದಿಯದು, ಏಕಾಂತಪ್ಪ ನಡೆಸುವುದು. ಏಕಾಂತಪ್ಪ ನೆನಪಿದ್ದಾನಲ್ಲ? ನಮ್ಮ ಮನೆಗೆ ಬಂದಾಗ ಕೊಟ್ಟಷ್ಟೂ ರೊಟ್ಟಿ ತಿಂದು, ಅಮ್ಮನ ಕೈರುಚಿ ಹೊಗಳಿ, ಹೊಗಳಿದ್ದಕ್ಕೆ ಇನ್ನೆರಡು ತಿನ್ನುತ್ತಿದ್ದ ಆಪರೇಟರ್. ಹೋದ ವರ್ಷ ಈ ಊರಿನ ಕೆರೆ ಏರಿ ಒಡೆದಾಗ ನಾನೇ ಅವನನ್ನೂ ಡೋಜರನ್ನೂ ಇಲ್ಲಿಗೆ ತಂದು ಇಳಿಸಿದ್ದೆ. ಬೇಸಿಗೆಯಲ್ಲಿ ಅವನು ಏರಿ ಕಟ್ಟಿ ಮುಗಿಸಿದ. ಮುಗಿಸಿದ ವಾರವೇ ಗಾಡಿ ಕೆಟ್ಟಿತು. ಧಣಿ ಶಿವಯೋಗಪ್ಪನವರಿಗೆ ಬೇರೆ ಕಡೆ ಅವಸರವಿತ್ತು. ಗಾಡಿಯನ್ನು ಇಲ್ಲೇ ಬಿಟ್ಟರು, ಕಾಯಲು ಏಕಾಂತಪ್ಪನನ್ನೂ ಬಿಟ್ಟರು.

ಆಮೇಲೆ ಮಳೆ ಬಂತು ನೋಡು. ಈ ಊರಿನ ಮಕ್ಕಳು ಕೆರೆ ತುಂಬಿ ನಿಂತದ್ದನ್ನು ಕಂಡೇ ಇರಲಿಲ್ಲವಂತೆ. ಈ ಸಲ ತುಂಬಿ ಕೋಡಿ ಬಿತ್ತು. ಊರವರು ಯೋಚನೆ ಮಾಡಿದರು. ಏರಿ ಕಟ್ಟಿದ್ದು ಯಾರು? ಡೋಜರ್. ಕಟ್ಟಿದ ಮೇಲೂ ಊರು ಬಿಟ್ಟು ಹೋಗದೆ ನಿಂತದ್ದು ಯಾರು? ಡೋಜರ್. ಅಲ್ಲಿಗೆ ಅದು ಗಾಡಿಯಾಗಿ ಉಳಿಯಲಿಲ್ಲ, ಊರ ಮಗಳಾಯಿತು. ಮಣ್ಣು ನೂಕುವ ಆ ದೊಡ್ಡ ಬ್ಲೇಡಿಗೆ ವಾರ ವಾರ ಅರಿಸಿನ ಕುಂಕುಮ. ಕೂರುವ ಸೀಟಿಗೆ ಕುಪ್ಪಸದ ಬಟ್ಟೆ.

ನಾನು ಬಂದ ದಿನ ಏಕಾಂತಪ್ಪ ಅದನ್ನು ಚಾಲೂ ಮಾಡಿದ. ಇಂಜಿನ್ ಚೆನ್ನಾಗಿಯೇ ಹತ್ತಿತು. ಆದರೆ ಟ್ರೇಲರ್ ಕಡೆ ಬಾ ಎಂದರೆ ನಾಲ್ಕು ಮಾರು ಬಂದು ಎಡಕ್ಕೆ ತಿರುಗುತ್ತದೆ. ಎಡಕ್ಕೆ ಇರುವುದು ಕೆರೆ. ಮತ್ತೆ ಹಿಂದೆ ತಂದು ಬಿಟ್ಟರೆ ಮತ್ತೆ ಕೆರೆ ಕಡೆಗೇ. ಚಕ್ರದ ಬದಲು ಇರುವ ಕಬ್ಬಿಣದ ಪಟ್ಟಿಗಳಲ್ಲಿ ಎಡಗಡೆಯದಕ್ಕೆ ಬಲ ಹೋಗುತ್ತಿಲ್ಲ, ಬಲಗಡೆಯದೊಂದೇ ಎಳೆಯುತ್ತಿದೆ, ಅದು ನಮಗೆ ಗೊತ್ತು. ಊರ ಹಿರಿಯಳು ಗಾದೆಮ್ಮ ಎನ್ನುವ ಮುದುಕಿ ಮಾತ್ರ ನನ್ನ ಮುಂದೆ ಬಂದು ನಿಂತು, "ಆಕಿಗೆ ಹೋಗಾಕ ಮನಸಿಲ್ಲ ಸಾಬ್ರ, ಜುಲುಮಿ ಮಾಡಬ್ಯಾಡ್ರಿ" ಎಂದಳು. ಏಕಾಂತಪ್ಪ ಮುಖ ಆಚೆ ತಿರುಗಿಸಿಕೊಂಡು ನಕ್ಕ.

ಬರುವಾಗ ಹರಪನಹಳ್ಳಿ ದಾಟಿಯೇ ಬಂದೆ. ಅಳಿಯ ಜಿಲಾನಿಯ ಶೆಡ್ಡಿನ ಬಾಗಿಲು ತೆರೆದಿತ್ತು. ಟ್ರೇಲರ್ ಖಾಲಿ ಇತ್ತು, ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಕೂಸಿಗೆ ಮುತ್ತು ಕೊಡು.

ನಿನ್ನ ಅಬ್ಬಾ,
ರಾಜಾಸಾಬ್


ಕೊಟ್ಟೂರು
23 ನವೆಂಬರ್ 1978

ಅಬ್ಬಾಗೆ ನಜಮಾಳ ಸಲಾಂ.

ಕಾಗದ ಓದಿ ಹೇಳಿದೆ. ಅಮ್ಮ ಬೈಯಲಿಲ್ಲ. "ಡೋಜರಿಗೆ ಕುಪ್ಪಸ ಕೊಟ್ಟಾರಂತ, ನನಗ ಈ ಹಬ್ಬಕ್ಕ ಅದೂ ಇಲ್ಲ" ಎಂದಳು. ಇದು ಬೈಗುಳವೋ ಅಲ್ಲವೋ ನೀವೇ ತೀರ್ಮಾನ ಮಾಡಿಕೊಳ್ಳಿ.

ಪಕ್ಕದ ಮನೆ ಜಂಬಕ್ಕ ತಾನೇ ಇಸಿದುಕೊಂಡು ಓದಿದಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡು, ಕೊನೆಗೆ ತನ್ನ ದಿನದ ಪ್ರಶ್ನೆ ಕೇಳಿಯೇ ಹೋದಳು. "ಹರಪನಹಳ್ಳ್ಯಾಗಿಂದ ಯಾವಾಗ ಬರ್ತಾರವ್ವಾ ಕರಿಯಾಕ?" ಹೆರಿಗೆಗೆಂದು ತವರಿಗೆ ಬಂದವಳು ನಾನು. ಕೂಸು ಈಗ ಗೋಡೆ ಹಿಡಿದು ನಡೆಯುತ್ತದೆ. ಗಂಡನ ಮನೆಯವರು ಕರೆಯಲು ಬರದೆ ನಾನಾಗಿ ಹೋಗುವ ಹಾಗಿಲ್ಲ, ನೀವಾಗಿ ಬಿಟ್ಟು ಬರುವ ಹಾಗಿಲ್ಲ. ಅವರು ಬರುವುದಿಲ್ಲ.

ತಪ್ಪು ಯಾರದು ಎಂದು ಎಷ್ಟು ಸಲ ಲೆಕ್ಕ ಹಾಕಿದರೂ ಯಾರದೂ ಅನಿಸುವುದಿಲ್ಲ ಅಬ್ಬಾ. ತೊಟ್ಟಿಲ ಕಾರ್ಯಕ್ಕೆ ಬೀಗರನ್ನು ಕರೆಯಲು ನೀವೇ ಹೋಗಬೇಕಿತ್ತು. ನೀವು ಹಗರಿಬೊಮ್ಮನಹಳ್ಳಿಯಲ್ಲಿ ತುಂಬಿದ ಟ್ರೇಲರಿನ ಸ್ಪ್ರಿಂಗ್ ಮುರಿದುಕೊಂಡು ರಸ್ತೆ ಮೇಲೆ ಕೂತಿದ್ದಿರಿ. ಮೇಲೆ ಅಷ್ಟು ಭಾರ ಇಟ್ಟುಕೊಂಡು ಗಾಡಿ ಬಿಟ್ಟು ಬರುವುದು ಹೇಗೆ? ಹರಪನಹಳ್ಳಿಗೆ ಹೊರಟಿದ್ದ ಟೈರ್ ಅಂಗಡಿಯವನ ಕೈಯಲ್ಲಿ ಹೇಳಿ ಕಳಿಸಿದಿರಿ. ಜೋಹರಾಬಿ ಅತ್ತೆ, "ಬೀಗರು ಬರಲಿಲ್ಲ, ಟೈರಿನವ ಬಂದ" ಎಂದು ಬಾಗಿಲು ಹಾಕಿಕೊಂಡರು. ಅತ್ತೆಗೆ ಮರ್ಯಾದೆ. ನಿಮಗೆ ಮರ್ಯಾದೆ. ಅವರಿಗೆ, ಅಂದರೆ ನಿಮ್ಮ ಅಳಿಯನಿಗೆ, ಏನು ಎಂದು ನನಗೆ ಗೊತ್ತಿಲ್ಲ. ಇಂಜಿನ್ ಬಿಟ್ಟು ಬೇರೆ ಯಾರ ಜೊತೆಗೂ ಅವರು ಮಾತಾಡುವುದಿಲ್ಲ.

ನಿಮ್ಮ ಕಾಗದ ಓದಿದ ಮೇಲೆ ನನಗೆ ಬೇರೇನೋ ನೆನಪಾಯಿತು. ನಾನು ಸಣ್ಣವಳಿದ್ದಾಗ ನೀವು ಭಾರ ಹೇರಿಕೊಂಡು ನಮ್ಮ ಮನೆ ಮುಂದೆಯೇ ಹೋಗುತ್ತಿದ್ದಿರಿ. ಗೂಡಿನಲ್ಲಿದ್ದ ತಟ್ಟೆ ಲೋಟ ಗಡಗಡ ಅನ್ನುತ್ತಿದ್ದವು. "ಬಂದ್ರು" ಎಂದು ಅಮ್ಮ ಒಲೆ ಬಿಟ್ಟು ಏಳುತ್ತಿದ್ದಳು. ನಡುರಸ್ತೆಯಲ್ಲಿ ನಿಲ್ಲಿಸುವ ಹಾಗಿರಲಿಲ್ಲ. ಟ್ರೇಲರ್ ಚಕ್ಕಡಿಗಿಂತ ನಿಧಾನ. ನಾನು ಕ್ಯಾಬಿನ್ನಿನ ಪಕ್ಕ ನಡೆಯುತ್ತಾ ಶಾಲೆಯ ಸುದ್ದಿ ಎಲ್ಲ ಹೇಳುತ್ತಿದ್ದೆ, ನೀವು ಮೇಲಿನಿಂದ ಹೂಂ ಹೂಂ ಅನ್ನುತ್ತಿದ್ದಿರಿ. ಊರ ಈ ತುದಿಯಿಂದ ಆ ತುದಿಯವರೆಗೆ ಅಪ್ಪ ಮಗಳ ಮಾತು. ಬೇರೆ ಮಕ್ಕಳ ಅಪ್ಪಂದಿರು ದಿನಾ ಮನೆಗೆ ಬರುತ್ತಿದ್ದರು, ಆದರೆ ಅವರು ಯಾರೂ ಅಷ್ಟು ಹೊತ್ತು ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ.

ಬೇಗ ಬನ್ನಿ. ಡೋಜರ್ ಬರದಿದ್ದರೆ ಅದನ್ನು ಬಿಟ್ಟಾದರೂ ಬನ್ನಿ.

ನಿಮ್ಮ ನಜಮಾ


ಹೊನ್ನಕಟ್ಟೆ
16 ಡಿಸೆಂಬರ್ 1978

ನಜಮಾ,

ಮೊಹರಂಗೂ ಬರಲಾಗಲಿಲ್ಲ. ಇನ್ನು ಯಾವ ಹಬ್ಬದ ಹೆಸರೂ ಎತ್ತುವುದಿಲ್ಲ.

ಹೊಸಪೇಟೆಯಿಂದ ಧಣಿ ಒಬ್ಬ ಮೇಸ್ತ್ರಿಯನ್ನು ಕಳಿಸಿದ್ದರು. ಅವನು ಗಾಡಿಯ ಸುತ್ತ ಎರಡು ಸುತ್ತು ಹಾಕಿ, ಬೊಂಬಾಯಿಯಿಂದ ಸಾಮಾನು ಬರಬೇಕು, ಅಲ್ಲಿಯವರೆಗೆ ಮುಟ್ಟುವ ಹಾಗಿಲ್ಲ ಎಂದು ಹೇಳಿ, ಗಾದೆಮ್ಮನ ಮನೆಯಲ್ಲಿ ಉಂಡು ಹೋದ. ಬೊಂಬಾಯಿಗೆ ಬರೆದರು. ಬೊಂಬಾಯಿ ಸುಮ್ಮನಿದೆ. ಈಗ ಧಣಿ ಕಾಗದ ಹಾಕಿದ್ದಾರೆ. ಕಾಲುವೆ ಕೆಲಸ ನಿಂತಿದೆ, ಯಾರ ಕೈಯಲ್ಲಾದರೂ ಮಾಡಿಸು, ಆಗದಿದ್ದರೆ ಟ್ರೇಲರ್ ತಂದು ಬಿಟ್ಟು ಮನೆಗೆ ಹೋಗು, ಬೇರೆ ಡ್ರೈವರ್ ಸಿಗುತ್ತಾನೆ ಎಂದು. ಇಷ್ಟು ವರ್ಷದಲ್ಲಿ ನನಗೆ ಅವರು ಹಾಕಿದ ಮೊದಲ ಕಾಗದ ಇದು.

ಏಕಾಂತಪ್ಪ ದಿನಾ ಬೆಳಗ್ಗೆ ಒಂದೇ ಮಾತು ಹೇಳುತ್ತಾನೆ. "ಈ ಸೀಮ್ಯಾಗ ಇದರ ಹೊಟ್ಟಿ ಬಿಚ್ಚಿ ಮತ್ತ ಕೂಡ್ಸೋನು ಒಬ್ಬನ ಅದಾನ. ಅವ ಯಾರಂತ ನಿಂಗೂ ಗೊತ್ತು, ನಂಗೂ ಗೊತ್ತು." ನಾನು ಚಹಾ ಕುಡಿಯುತ್ತೇನೆ. ಅವನೂ ಕುಡಿಯುತ್ತಾನೆ.

ಇಲ್ಲಿಂದ ಹರಪನಹಳ್ಳಿಗೆ ಬಸ್ಸಿದೆ. ಕಾಗದ ಹಾಕಿದರೆ ಮಾರನೇ ದಿನ ಮುಟ್ಟುತ್ತದೆ. ಆದರೆ ನನ್ನ ಮಗಳನ್ನು ಕರೆಯಲು ಬರದವನನ್ನು ಗಾಡಿ ರಿಪೇರಿಗೆ ಬಾ ಎಂದು ನಾನು ಹೇಗೆ ಕರೆಯಲಿ? ಅವನು ಬಂದರೂ ಕಷ್ಟ, ಬರದಿದ್ದರೆ ಇನ್ನೂ ಕಷ್ಟ.

ಬರೀ ಕೂತಿರುವುದರಿಂದ ಹಳೆಯದೆಲ್ಲ ತಲೆಗೆ ಬರುತ್ತದೆ. ಇದನ್ನು ಇಲ್ಲಿಗೆ ತಂದ ದಿನ ದಾರಿಯ ಉದ್ದಕ್ಕೂ ಕರೆಂಟಿನ ತಂತಿಗಳು ಜೋತು ಬಿದ್ದಿದ್ದವು. ಏಕಾಂತಪ್ಪ ಡೋಜರಿನ ನೆತ್ತಿ ಮೇಲೆ ನಿಂತು, ಒಣ ಬಿದಿರಿನ ಗಳದಿಂದ ಒಂದೊಂದೇ ತಂತಿ ಎತ್ತಿ, ತಲೆ ಬಗ್ಗಿಸಿ ದಾಟಿಸುತ್ತಿದ್ದ. ಸಣ್ಣ ಸೇತುವೆ ಬಂದರೆ ನಾನು ಇಳಿದು, ಮೊದಲು ನಡೆದು ನೋಡಿ, ಕಲ್ಲಿಗೆ ಕಿವಿ ಹಚ್ಚಿ, ಆಮೇಲೆ ದಾಟಿಸುತ್ತಿದ್ದೆ. ಕಲ್ಲಿಗೆ ಕಿವಿ ಹಚ್ಚಿದರೆ ಏನೂ ಕೇಳುವುದಿಲ್ಲ. ಆದರೂ ಹಚ್ಚುತ್ತಿದ್ದೆ. ಏಕಾಂತಪ್ಪ ಮೇಲಿಂದ, "ಏನಂತೈತಿ?" ಅನ್ನುತ್ತಿದ್ದ. "ಬಾ ಅಂತೈತಿ" ಅನ್ನುತ್ತಿದ್ದೆ. ಹೀಗೇ ಒಂದು ದಿನದಲ್ಲಿ ಮುಗಿಯುವ ದಾರಿಗೆ ಮೂರು ದಿನ. ಆಗ ಏನೂ ಕಷ್ಟ ಅನಿಸಲಿಲ್ಲ.

ಜಿಲಾನಿಗೆ ಬರೆಯಲೋ ಬೇಡವೋ ಎಂದು ನಿನ್ನನ್ನು ಕೇಳುವುದಿಲ್ಲ. ಸುಮ್ಮನೆ ತಿಳಿಸಿದ್ದೇನೆ.

ಅಬ್ಬಾ


ಕೊಟ್ಟೂರು
21 ಡಿಸೆಂಬರ್ 1978

ಅಬ್ಬಾ,

ಕೇಳುವುದಿಲ್ಲ ಎಂದು ಬರೆದು ಕೇಳಿದ್ದೀರಿ. ಹೇಳುತ್ತೇನೆ. ಬರೆಯಿರಿ.

ಅವರನ್ನು ಅಳಿಯ ಎಂದು ಕರೆಯಬೇಡಿ, ಮೆಕ್ಯಾನಿಕ್ ಎಂದು ಕರೆಯಿರಿ. ಗಾಡಿ ವಿಷಯ ಗಾಡಿಗೆ, ಮನೆ ವಿಷಯ ಮನೆಗೆ. ನನ್ನ ಹೆಸರು, ಕೂಸಿನ ಹೆಸರು ಆ ಕಾಗದದಲ್ಲಿ ಬರಕೂಡದು. ನನ್ನ ಸಲುವಾಗಿ ನೀವು ಟ್ರೇಲರ್ ಕಳೆದುಕೊಂಡರೆ ನಾನು ಈ ಮನೆಯಲ್ಲೂ ಕೂರಲಾರೆ.

ನಜಮಾ


ಹರಪನಹಳ್ಳಿ
30 ಡಿಸೆಂಬರ್ 1978

ಮಾಮಾ ಅವರಿಗೆ ಸಲಾಂ.

ಕಾರ್ಡ್ ಬಂತು. ಬೊಂಬಾಯಿ ಸಾಮಾನು ಬೇಕಾಗುವುದಿಲ್ಲ. ಎಡಗಡೆ ಕ್ಲಚ್ ಪ್ಲೇಟಿಗೆ ಎಣ್ಣೆ ಇಳಿದಿರಬೇಕು. ಸೀಮೆಎಣ್ಣೆ ಎರಡು ಡಬ್ಬಿ, ಹಳೇ ಬಟ್ಟೆ, ಒಂದು ಅಗಲ ಪರಾತ ತಯಾರಿಡಿ. ಸಂಕ್ರಾಂತಿ ಹೊತ್ತಿಗೆ ಬರುತ್ತೇನೆ.

ಜಿಲಾನಿ


ಹೊನ್ನಕಟ್ಟೆ
25 ಜನವರಿ 1979

ನಜಮಾ,

ಬಂದ. ಮಾಡಿದ. ಗಾಡಿ ಈಗ ನೇರ ನಡೆಯುತ್ತದೆ.

ಇಷ್ಟೇ ಬರೆದರೆ ನೀನು ಕಾಗದ ಹರಿದು ಹಾಕುತ್ತೀ, ಗೊತ್ತು. ಪೂರ್ತಿ ಹೇಳುತ್ತೇನೆ.

ಬಸ್ಸಿಳಿದವನೇ ಸಲಾಂ ಮಾಡಿ, ಅಂಗಿ ಬಿಚ್ಚಿ, ಡೋಜರಿನ ಕೆಳಗೆ ತೂರಿಕೊಂಡ. ಆ ದಿನ ಅವನ ಕಾಲು ಬಿಟ್ಟು ಬೇರೇನೂ ನಾನು ಕಾಣಲಿಲ್ಲ. ಕ್ಲಚ್ ಎಂದರೆ ತಟ್ಟೆಯಂಥ ಪ್ಲೇಟುಗಳು, ಒಂದರ ಮೇಲೊಂದು ಒತ್ತಿಕೊಂಡು ಪಟ್ಟಿಗೆ ಬಲ ಕೊಡುತ್ತವೆ. ಎಣ್ಣೆ ಸೋರಿ ಅವು ಜಾರುತ್ತಿದ್ದವು. ಒಂದೊಂದನ್ನೇ ಬಿಚ್ಚಿ ತಂದು, ಗಾದೆಮ್ಮನ ಪರಾತದಲ್ಲಿ ಸೀಮೆಎಣ್ಣೆ ಸುರಿದು ತೊಳೆಯುತ್ತಾ ಕೂತ. ಊಟಕ್ಕೆ ಗಾದೆಮ್ಮನ ಮನೆಯ ಪಡಸಾಲೆ. ಅವನೊಂದು ಕಂಬಕ್ಕೆ ಒರಗಿ, ನಾನೊಂದು ಕಂಬಕ್ಕೆ ಒರಗಿ. ನಡುವೆ ಏಕಾಂತಪ್ಪ ಕೂತು ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದ.

ಒಂದು ಮಧ್ಯಾಹ್ನ ನಾನು ಪ್ಲೇಟು ಒರೆಸಿಕೊಡುತ್ತಿದ್ದೆ. ತಲೆ ಎತ್ತದೆ ಕೇಳಿದ.

"ಕೂಸು ನಡೀತಾಳೇನ್ರಿ?"

"ನಡೀತಾಳ" ಎಂದೆ.

ಆಮೇಲೆ ಕೈಯಲ್ಲಿದ್ದ ಪ್ಲೇಟನ್ನೇ ಮತ್ತೆ ಮತ್ತೆ ತೊಳೆದ. ಅದು ಆಗಲೇ ಕನ್ನಡಿ ಹಾಗಿತ್ತು. ಇನ್ನೇನಾದರೂ ಕೇಳುತ್ತಾನೆ ಎಂದು ನಾನು ಕಾದೆ, ಇನ್ನೇನಾದರೂ ಹೇಳುತ್ತೇನೆ ಎಂದು ಅವನು ಕಾದ ಎಂದು ಕಾಣುತ್ತದೆ. ಅಷ್ಟರಲ್ಲಿ ಏಕಾಂತಪ್ಪ ಬೀಡಿ ಕೇಳುತ್ತಾ ಬಂದ.

ಈಗ ನಿಜವಾದ ತೊಂದರೆ ಶುರುವಾಗಿದೆ. ಗಾಡಿ ಸರಿಯಾಯಿತು, ಇನ್ನು ಹೇರುತ್ತೇನೆ ಎಂದು ಮಂಗಳವಾರ ಬೆಳಗ್ಗೆ ಟ್ರೇಲರನ್ನು ಏರಿಗೆ ಹಿಮ್ಮುಖ ಹಚ್ಚಿದೆ. ಊರಿಗೆ ಊರೇ ಬಂದು ನಿಂತಿತು. ಮಂಗಳವಾರ ಹೆಣ್ಣು ಮಕ್ಕಳನ್ನು ಮನೆಯಿಂದ ಕಳಿಸುತ್ತಾರೆಯೇ ಎಂದು ಗಾದೆಮ್ಮ ಕೇಳಿದಳು. ಹಾಗಾದರೆ ನಾಳೆ ಎಂದೆ. ನಾಳೆಯಾದರೂ ಕರೆಯಲು ಬಂದವರು ಯಾರು ಎಂದಳು. ನಾನೇ ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಗಂಡನ ಮನೆಯಿಂದ ಒಂದು ಹೆಣ್ಣಾದರೂ ಬರದೆ, ಬರೀ ಗಂಡಸು ಬಂದು ಕೈ ಹಿಡಿದು ಎಳೆದುಕೊಂಡು ಹೋಗುವುದಕ್ಕೆ ತಮ್ಮ ಹುಡುಗಿ ದಿಕ್ಕಿಲ್ಲದವಳೇನು ಎಂದಳು. ಉಡಿ ತುಂಬಬೇಕಂತೆ, ಸೆರಗಿಗೆ ಅಕ್ಕಿ ಕೊಬ್ಬರಿ ಬೆಲ್ಲ ಕಟ್ಟಿ ಕಳಿಸಬೇಕಂತೆ. ಆ ಹೊತ್ತಿಗೆ ಗಂಡನ ಮನೆಯ ಹೆಣ್ಣು ಎದುರಿಗಿರಬೇಕಂತೆ. ಡೋಜರಿನ ಗಂಡನ ಮನೆ ಯಾವುದು ಎಂದು ಏಕಾಂತಪ್ಪ ಕೇಳಲು ಹೋಗಿ ಬೈಸಿಕೊಂಡ.

ಜಗಳ ಆಡಬಹುದು. ಆದರೆ ಒಂದು ವರ್ಷ ಏಕಾಂತಪ್ಪನಿಗೆ ಅನ್ನ ಹಾಕಿದ ಊರು. ನಿನ್ನ ಅಮ್ಮನನ್ನು ಕಳಿಸು. ಬರುವ ಗುರುವಾರವಲ್ಲ, ಅದರ ಮುಂದಿನ ಗುರುವಾರ ದಿನ ಗೊತ್ತು ಮಾಡಿದ್ದಾರೆ. ಕ್ಲಚ್ಚು ಭಾರದಲ್ಲಿ ಹೇಗೆ ಹಿಡಿಯುತ್ತದೆ ನೋಡಬೇಕೆಂದು ಜಿಲಾನಿಯೂ ಆ ದಿನ ಬರುತ್ತಾನೆ. ಇದನ್ನು ಮೊದಲೇ ಹೇಳಿರಬೇಕಲ್ಲ, ಹೇಳಿದ್ದೇನೆ.

ಅಬ್ಬಾ


ಕೊಟ್ಟೂರು
31 ಜನವರಿ 1979

ಅಬ್ಬಾ,

ಕೂಸು ನಡೆಯುತ್ತಾಳೆ ಎಂದಿರಂತೆ. ಓಡುತ್ತಾಳೆ ಎನ್ನಬೇಕಿತ್ತು.

ಅಮ್ಮನಿಗೆ ಮೊಣಕಾಲು ಬಾತಿದೆ, ಬಸ್ಸು ಹತ್ತಲಾರಳು. ನೀವು ಕಾಗದ ಬರೆಯುವಾಗಲೇ ಇದು ನಿಮಗೆ ಗೊತ್ತಿತ್ತು ಎಂದು ಅಮ್ಮ ಹೇಳುತ್ತಾಳೆ. ಹೌದೋ ಅಲ್ಲವೋ ನಾನು ಕೇಳುವುದಿಲ್ಲ.

ನಾನು ಬರುತ್ತೇನೆ. ಕೂಸನ್ನೂ ತರುತ್ತೇನೆ, ಇಲ್ಲಿ ಬಿಟ್ಟರೆ ಅಮ್ಮ ಹಿಡಿಯಲಾರಳು. ನಾನು ಬರುತ್ತಿರುವುದು ಡೋಜರನ್ನು ಕರೆಯಲು. ಬೇರೆ ಯಾರಾದರೂ ನನ್ನನ್ನು ಕರೆಯುತ್ತಾರೆ ಎಂದು ಬರುತ್ತಿಲ್ಲ. ಅಲ್ಲಿ ನೀವು ಯಾರಿಗೂ ಯಾವ ಮಾತೂ ಎತ್ತಿ ಕೊಡಬಾರದು. ಎತ್ತಿಕೊಟ್ಟ ಮಾತಿಗೆ ಬರುವ ಉತ್ತರ ನನಗೆ ಬೇಡ.

ನಜಮಾ


ಹರಪನಹಳ್ಳಿ
12 ಫೆಬ್ರವರಿ 1979

ಅಮ್ಮಾ,

ಮೇಲೆ ಊರ ಹೆಸರು ನೋಡಿದೆಯಾ? ಜಂಬಕ್ಕಾ, ನೀನೇ ಓದಿ ಹೇಳುತ್ತಿರುವುದು ಗೊತ್ತು. ನಡುವೆ ನಿನ್ನ ಮಾತು ಸೇರಿಸಬೇಡ, ಪೂರ್ತಿ ಓದು.

ಗುರುವಾರ ನಾನು ಹೋದಾಗ ಏರಿ ಮೇಲೆ ನಿಲ್ಲಲು ಜಾಗವಿರಲಿಲ್ಲ. ಡೋಜರಿಗೆ ಮೈತುಂಬ ನೀರೆರೆದಿದ್ದರು. ಗೇರ್ ಹಾಕುವ ಕೋಲಿಗೆ ಹಸಿರು ಬಳೆ. ಸೀಟಿನ ಮೇಲೆ ಹೊಸ ಸೀರೆ ಮಡಿಚಿಟ್ಟು, ಅದರ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಅರಿಸಿನ ಕೊಂಬು ಗಂಟು ಕಟ್ಟಿದ್ದರು. ನಗು ಬರುತ್ತದೆ ಎಂದುಕೊಂಡು ಹೋಗಿದ್ದೆ. ಹೆಂಗಸರ ಕಣ್ಣು ನೋಡಿ ನಗು ಬರಲಿಲ್ಲ.

ಗಾದೆಮ್ಮ ನನ್ನ ಎದುರು ಬಂದಳು.

"ಗಂಡನ ಮನಿಯಿಂದ ಬಂದಾಕಿ ನೀನೇನವ್ವಾ?"

"ಹೌದ್ರಿ."

"ನಮ್ಮ ಹುಡುಗೀನ ಚಲೋ ನೋಡ್ಕಂತೀರೇನು? ಕೆಲಸ ಎಷ್ಟಾರ ಹೇಳ್ರಿ, ಮಾಡ್ತಾಳ. ಆದ್ರ ಮಂದಿ ಮುಂದ ಹಂಗಿಸಿ ಆಡಬ್ಯಾಡ್ರಿ, ಹೊಟ್ಟಿಗೆ ಕಡಿಮಿ ಮಾಡಬ್ಯಾಡ್ರಿ."

ನೋಡ್ಕಂತೀವಿ ಎಂದೆ. ಅಂದದ್ದು ಗಂಡನ ಮನೆಯವರ ಪರವಾಗಿ, ಅಮ್ಮಾ. ಯಾರ ಮನೆಯವಳೂ ಆಗದೆ ಕೂತಿದ್ದ ನಾನು, ಯಾರದೋ ಮಗಳಿಗೆ ಮಾತು ಕೊಡುತ್ತಿದ್ದೆ. ಸೆರಗಿನಿಂದ ಕಣ್ಣೊರೆಸಿಕೊಂಡೆ. ಗಾದೆಮ್ಮ ಅದು ಡೋಜರಿನ ಮೇಲಿನ ಪ್ರೀತಿ ಎಂದುಕೊಂಡು ನನ್ನ ಬೆನ್ನು ಸವರಿದಳು.

ಆಮೇಲೆ ಹೇರುವ ಕೆಲಸ. ಅಬ್ಬಾ ಇಷ್ಟು ವರ್ಷ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದು ಅವತ್ತೇ. ಏರಿಗೂ ಟ್ರೇಲರಿಗೂ ನಡುವೆ ರೈಲು ಹಳಿಯ ಕೆಳಗೆ ಹಾಕುವಂಥ ದಪ್ಪ ದಪ್ಪ ಮರದ ದಿಮ್ಮಿ ಹಾಸಿದ್ದರು. ಚಕ್ರಗಳಿಗೆ ಕಲ್ಲು ಕೊಟ್ಟಿದ್ದರು. ಅಬ್ಬಾ ಟ್ರೇಲರಿನ ಮುಂದಿನ ತುದಿಯಲ್ಲಿ ನಿಂತು ಬರೀ ಬೆರಳಿನಿಂದ ಕರೆಯುತ್ತಾರೆ, ಏಕಾಂತಪ್ಪ ಆ ಬೆರಳು ಬಿಟ್ಟು ಬೇರೇನೂ ನೋಡುವುದಿಲ್ಲ. ದಿಮ್ಮಿ ಹತ್ತುತ್ತಾ ಹತ್ತುತ್ತಾ ಗಾಡಿಯ ಮೂತಿ ಆಕಾಶಕ್ಕೆ ಎದ್ದಿತು. ಆಗ ಅದು ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ, ನಡುವೆ ತೂಗುತ್ತಿತ್ತು.

ನಿನ್ನ ಅಳಿಯ ಎಡಗಡೆಯ ಪಟ್ಟಿ ನೋಡುತ್ತಾ ನನ್ನ ಪಕ್ಕಕ್ಕೆ ಬಂದು ನಿಂತಿದ್ದರು. ಬೆಳಗ್ಗಿನಿಂದ ಒಂದು ಮಾತೂ ಆಡಿರಲಿಲ್ಲ. ಕೂಸು ಮಾತ್ರ ಅವರ ಎಣ್ಣೆಗೈಯ ಹೆಬ್ಬೆರಳು ಹಿಡಿದುಕೊಂಡಿತ್ತು. ಇಂಜಿನ್ ಅರಚುತ್ತಿತ್ತು. ಅವರ ತುಟಿ ಅಲ್ಲಾಡಿದ್ದು ಕಂಡಿತು.

"ಏನು?" ಎಂದೆ.

ಮತ್ತೆ ಏನೋ ಅಂದರು. ಕೇಳಲಿಲ್ಲ. ಕಿವಿಗೆ ಕೈ ಹಿಡಿದೆ. ಅಷ್ಟರಲ್ಲಿ ಗಾಡಿಯ ಮೂತಿ ಧಡ್ ಎಂದು ಟ್ರೇಲರಿನ ಮೇಲೆ ಇಳಿಯಿತು. ಅಬ್ಬಾ ಸಾಕೆಂದು ಕೈ ಅಡ್ಡ ಮಾಡಿದರು, ಏಕಾಂತಪ್ಪ ಇಂಜಿನ್ ಬಂದ್ ಮಾಡಿದ. ಅದು ನನ್ನ ಪಕ್ಕದಲ್ಲಿದ್ದ ಇವರಿಗೆ ಗೊತ್ತಾಗಲಿಲ್ಲ. ಇಂಜಿನ್ನಿಗಿಂತ ಜೋರಾಗಿ ಕೂಗಬೇಕೆಂದು ಎದೆ ತುಂಬ ಉಸಿರು ತುಂಬಿಕೊಂಡಿದ್ದರು.

"ಮನಿಗೆ ಬಾ ಅಂತ ಮನಸಿನಾಗ ಎಷ್ಟು ಸಲ ಅಂದೀನಿ, ನಿನಗ ಕೇಳಿಸಲಿಲ್ಲೇನು?"

ಕೆರೆಯ ಆಚೆ ದಡಕ್ಕೆ ಹೋಗಿ ತಿರುಗಿ ಬಂತು ಅಮ್ಮಾ ಆ ಮಾತು. ಟ್ರೇಲರಿನ ಮೇಲೆ ಅಬ್ಬಾ, ಏಕಾಂತಪ್ಪ, ಏರಿ ತುಂಬ ಊರು, ಎಲ್ಲರಿಗೂ ಕೇಳಿಸಿತು. ಇವರ ಮುಖ ಸುಣ್ಣದ ಹಾಗೆ. ಗಾದೆಮ್ಮನೇ ಮೊದಲು ಮಾತಾಡಿದ್ದು.

"ಮನಸಿನಾಗ ಅಂದ್ರ ಯಾರಿಗೆ ಕೇಳತೈತೋ ಮಾರಾಯಾ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಬ್ಬಾನನ್ನು ನೋಡಿದೆ. ಅವರು ಚೈನು ಬಿಗಿಯುವವರ ಹಾಗೆ ಬಗ್ಗಿದರು. ಮಾತು ಎತ್ತಿ ಕೊಡಬೇಡಿ ಎಂದಿದ್ದೆನಲ್ಲ, ಪಾಪ, ಹಾಗೇ ನಡೆದುಕೊಂಡರು.

"ಈಗ ಕೇಳಿಸ್ತು" ಎಂದೆ.

ಗಾದೆಮ್ಮ ನನ್ನನ್ನು ಹಾಗೇ ಬಿಡಲಿಲ್ಲ. ಮನೆಗೆ ಓಡಿ ಅಕ್ಕಿ ಬೆಲ್ಲ ತಂದು ನನ್ನ ಸೆರಗಿಗೂ ಗಂಟು ಹಾಕಿದಳು. ಕ್ಯಾಬಿನ್ನಿನಲ್ಲಿ ಅಬ್ಬಾ, ನಾನು, ಕೂಸು, ಇವರು. ಏಕಾಂತಪ್ಪ ಮೇಲೆ ಡೋಜರಿನ ಜೊತೆ. ಊರು ಕೋಡಿಯವರೆಗೂ ಜೊತೆಯಲ್ಲೇ ನಡೆದು ಬಂತು.

ದಾರಿ ತುಂಬ ನನಗೆ ಅತ್ತೆಯದೇ ಭಯ. ಅವರು ಕರೆಯದೆ ಬರುತ್ತಿದ್ದೇನೆ. ಅಬ್ಬಾ ಏನೂ ಹೇಳದೆ ಹರಪನಹಳ್ಳಿಯ ದೊಡ್ಡ ರಸ್ತೆಯಲ್ಲಿ, ಸರಿಯಾಗಿ ಅತ್ತೆಯ ಬಾಗಿಲಿಗೆ ಟ್ರೇಲರ್ ನಿಲ್ಲಿಸಿದರು. ಹಿಂದೆ ಎರಡು ಬಸ್ಸು, ಹುಲ್ಲಿನ ಬಂಡಿಗಳು, ಎಲ್ಲ ನಿಂತವು. ಹಾರನ್ನೋ ಹಾರನ್ನು. ಅಬ್ಬಾ ಇಳಿದು, ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡು, ಹೊಸ್ತಿಲ ಮುಂದೆ ನಿಂತರು. ಅತ್ತೆ ಹೊರಗೆ ಬಂದರು. ಅಬ್ಬಾನನ್ನು ನೋಡಿದರು. ಬಳೆ ತೊಟ್ಟ ಡೋಜರನ್ನು ನೋಡಿದರು. ನಮ್ಮನ್ನು ಆಮೇಲೆ ನೋಡಿದರು.

"ನಾನ ಬಂದೀನ್ರಿ" ಎಂದರು ಅಬ್ಬಾ.

ಹಿಂದೆ ನಿಂತ ಬಸ್ಸು, ಬಂಡಿಗಳನ್ನೂ ಅತ್ತೆ ಎಣಿಸುವ ಹಾಗೆ ನೋಡಿದರು. ಕಡೆಗೆ, "ಬಂದ್ರಿ, ಖರೆ. ಊರ ದಾರಿ ಕಟ್ಟಿ ಬಂದ್ರಿ. ಆ ಗುಡ್ಡ ಪಕ್ಕಕ್ಕ ಸರಿಸಿ ಒಳಗ ಬರ್ರಿ, ಚಹಾ ಆರತೈತಿ" ಎಂದು ಕೂಸಿಗೆ ಕೈ ಚಾಚಿದರು.

ಚಹಾ ಆಗ ಇನ್ನೂ ಒಲೆಯ ಮೇಲೇ ಇಟ್ಟಿರಲಿಲ್ಲ ಎಂದು ಒಳಗೆ ಹೋದ ಮೇಲೆ ಗೊತ್ತಾಯಿತು.

ಮೊಣಕಾಲಿಗೆ ಎಣ್ಣೆ ಹಚ್ಚಿಕೋ. ನಾನು ಚೆನ್ನಾಗಿದ್ದೇನೆ.

ನಿನ್ನ ನಜಮಾ


ಹಡಗಲಿ ಕಾಲುವೆ ಕೆಲಸದ ಕ್ಯಾಂಪು
22 ಮಾರ್ಚ್ 1979

ನಜಮಾ,

ನಿನ್ನ ಕಾಗದಗಳು ಬಂದವು. ಜಿಲಾನಿ ಈಗ ಮನೆಯಲ್ಲೂ ಮಾತಾಡುತ್ತಾನೆ, ಕೆಲವು ಸಲ ಸಾಕಪ್ಪ ಅನ್ನುವಷ್ಟು ಎಂದು ಬರೆದಿದ್ದೀ. ಸಂತೋಷ.

ಇಲ್ಲಿ ನಿನ್ನೆ ನಡೆದದ್ದು ಹೇಳುತ್ತೇನೆ. ಮಧ್ಯಾಹ್ನ ಬಸ್ಸಿನಿಂದ ಗಾದೆಮ್ಮ, ಇನ್ನೂ ನಾಲ್ಕು ಹೆಂಗಸರು ಇಳಿದು ಕಾಲುವೆ ದಂಡೆ ಹಿಡಿದು ನಡೆದು ಬಂದರು. ಏಕಾಂತಪ್ಪ ದೂರದಿಂದಲೇ ಗುರುತು ಹಿಡಿದು ಗಾಡಿ ನಿಲ್ಲಿಸಿದ. ಏನು ಬಂದದ್ದು ಎಂದರೆ, ಉಗಾದಿ ಬಂತಲ್ಲ, ಹುಡುಗಿಯನ್ನು ಹಬ್ಬಕ್ಕೆ ತವರಿಗೆ ಕರೆಯಲು ಬಂದಿದ್ದಾರೆ. ಎರಡು ದಿನ ಇಟ್ಟುಕೊಂಡು ಕಳಿಸುತ್ತಾರಂತೆ.

ಏಕಾಂತಪ್ಪ ನನ್ನ ಕಡೆ ಕೈ ತೋರಿಸಿ ಬಿಟ್ಟ. ಗಂಡನ ಮನೆಯವನು ನಾನೇ ತಾನೆ. ಕಾಲುವೆ ನಿಲ್ಲಿಸುವ ಹಾಗಿಲ್ಲ, ಧಣಿ ಒಪ್ಪುವುದಿಲ್ಲ, ಹೇರಿ ಇಳಿಸುವುದರಲ್ಲೇ ಹಬ್ಬ ಮುಗಿದುಹೋಗುತ್ತದೆ ಎಂದೆಲ್ಲ ಹೇಳಿದೆ. ಮನೆ ಬಾಗಿಲಿಗೆ ಕರೆಯಲು ಬಂದವರಿಗೆ ಇಲ್ಲ ಎನ್ನುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಗಾದೆಮ್ಮ ಸಿಟ್ಟು ಮಾಡಲಿಲ್ಲ. ಹೋಗಿ ಡೋಜರಿನ ಪಟ್ಟಿಯ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತಳು. ಪಟ್ಟಿಗೆ ಹತ್ತಿದ್ದ ಮಣ್ಣನ್ನು ಉಗುರಿನಿಂದ ಕೆರೆದಳು. ಹೋಳಿಗೆ ತಂದಿದ್ದಳು, ಅದನ್ನು ಏಕಾಂತಪ್ಪನಿಗೆ ಕೊಟ್ಟಳು. ಹೊರಡುವಾಗ ನನ್ನ ಹತ್ತಿರ ನಿಂತಳು.

"ನಿಮ್ಮ ಮಗಳನ್ನ ಹಬ್ಬಕ್ಕ ಕರದೀರೇನ್ರಿ ಸಾಬ್ರ?"

ಉಗಾದಿ ನಮ್ಮ ಹಬ್ಬವಲ್ಲ ಎಂದೆ.

"ಹೋಳಿಗಿ ನಿಮ್ಮ ಮನ್ಯಾಗ ಯಾರೂ ತಿನ್ನಂಗಿಲ್ಲೇನು?"

"ತಿಂತಾರ."

"ಮತ್ತ ಇಲ್ಲೇನು ಮಾಡಾಕ ಹತ್ತೀರಿ?"

ನಾಲ್ಕು ದಿನ ರಜೆ ಬೇಕೆಂದು ಧಣಿಗೆ ಹೇಳಿ ಕಳಿಸಿದ್ದೇನೆ. ಟ್ರೇಲರಿನ ಕೀಲಿ ಏಕಾಂತಪ್ಪನ ಕೈಗೆ ಕೊಟ್ಟಾಯಿತು. ಸೋಮವಾರ ಬೆಳಗಿನ ಬಸ್ಸಿಗೆ ಹರಪನಹಳ್ಳಿಗೆ ಬರುತ್ತೇನೆ. ಜೋಹರಾಬಿಯವರಿಗೆ ತಿಳಿಸು, ನಿನ್ನನ್ನೂ ಕೂಸನ್ನೂ ನಾಲ್ಕು ದಿನಕ್ಕೆ ಕೊಟ್ಟೂರಿಗೆ ಕಳಿಸಿ ಕೊಡಿ ಎಂದು ಕೇಳಲು ಬರುತ್ತಿದ್ದೇನೆ. ಅವರು ಹೂಂ ಅಂದರೆ ಕರೆದುಕೊಂಡು ಹೋಗುತ್ತೇನೆ. ಇಲ್ಲ ಅಂದರೆ ಒಂದು ಚಹಾ ಕುಡಿದು, ನಿಮ್ಮನ್ನು ನೋಡಿಕೊಂಡು ಬರುತ್ತೇನೆ.

ಅಬ್ಬಾ